ಅಗ್ನಿಶಾಮಕರನ್ನು ಚಿತ್ರೀಕರಿಸುವಾಗ

1944ನೆಯ ಇಸವಿಯ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿಗೆ ಬೆಂಕಿ ಹತ್ತಿತು. ಅದರ ಒಡಲಿನಲ್ಲಿ ಹತ್ತಿಯ ಮೂಟೆಗಳೂ ಸುಮಾರು 1,400 ಟನ್ ಸ್ಫೋಟಕಗಳೂ ಇದ್ದವು. ಅಗ್ನಿಶಾಮಕ ದಳದವರು ನೀರೆರೆಯುತ್ತಿದ್ದಂತೆಯೇ, ಸಂಜೆ ನಾಲ್ಕು ಗಂಟೆಯ ತರುವಾಯ ಹಡಗು ಸಿಡಿಯಿತು. ದಳದ 66 ಮಂದಿ ಮಡಿದರು. ಅವರ ನೆನಪಿಗಾಗಿ ನಮ್ಮ ದೇಶದಲ್ಲಿ ಪ್ರತಿವರ್ಷವೂ ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸುತ್ತಾರೆ. ಆ ದಿನಗಳಲ್ಲಿ ದಳದವರು ಸಾರ್ವಜನಿಕರ ಮುಂದೆ ಅಣಕು ಪ್ರದರ್ಶನಗಳನ್ನು ನಡೆಸುವುದುಂಟು. ಶಾಲೆ ಕಾಲೇಜುಗಳ ಕೆಲಸಕ್ಕಾಗಿ ಇವರನ್ನು ಕುರಿತು ಕಿರುಚಿತ್ರವೊಂದನ್ನು ತೆಗೆಯಬೇಕೆನ್ನುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು.

ಆದರೆ ಹೀಗೆ ತೆಗೆದ ಚಿತ್ರವನ್ನು ಮನೆಗೆ ಬಂದು ನೋಡಿದಾಗ, ಕಣ್ಣು ಕಂಡದ್ದೇ ಒಂದು, ಪರದೆಯ ಮೇಲೆ ಮೂಡಿದ್ದೇ ಇನ್ನೊಂದು ಎನ್ನಿಸುವುದು ಸಾಮಾನ್ಯ. ವಾಹನದ ನೆತ್ತಿಯ ಮೇಲೆ ಮಿನುಗುವ ಕೆಂಪು ನೀಲಿ ದೀಪಗಳನ್ನೇ ತೆಗೆದುಕೊಳ್ಳೋಣ. ಕತ್ತಲಲ್ಲಿ ಅವು ಸುತ್ತಲಿನ ಗೋಡೆಗಳನ್ನೆಲ್ಲ ಬೆಳಗುತ್ತಿದ್ದುದನ್ನು ನಾವು ಕಂಡಿರುತ್ತೇವೆ. ಚಿತ್ರದಲ್ಲಾದರೋ ಬೆಳಕು ಅಡ್ಡಪಟ್ಟೆಯಾಗಿ ತುಂಡಾಗಿರುತ್ತದೆ. ಕ್ಯಾಮೆರಾ ಕೆಟ್ಟಿದೆಯೆಂದು ಹಲವರು ಭಾವಿಸುತ್ತಾರೆ. ಅದು ಕೆಟ್ಟಿಲ್ಲ.

ಮೊಬೈಲ್ ಫೋನಿನ ಕ್ಯಾಮೆರಾ ಒಂದು ಪಟವನ್ನು ಒಂದೇ ಕ್ಷಣದಲ್ಲಿ ಹಿಡಿಯುವುದಿಲ್ಲ. ಪುಟವನ್ನು ನಾವು ಸಾಲುಸಾಲಾಗಿ ಓದುವಂತೆ ಅದು ಮೇಲಿನ ಸಾಲಿನಿಂದ ಮೊದಲುಮಾಡಿ ಕೆಳಗಿನ ಸಾಲಿನವರೆಗೆ ಓದುತ್ತದೆ. ಈ ಓದು ಮುಗಿಯಲು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ಹಿಡಿಯಿತೆಂದು ಇಟ್ಟುಕೊಳ್ಳಿ. ಅಷ್ಟರಲ್ಲಿ ದೀಪವು ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲು ಮಾತ್ರ ಬೆಳಗಿ ಆರಿದರೆ, ಆಗ ಓದುತ್ತಿದ್ದ ಸಾಲುಗಳಿಗಷ್ಟೇ ಬೆಳಕು ದಕ್ಕುತ್ತದೆ. ಪಟದ ಸುಮಾರು ಕಾಲುಭಾಗ ಕೆಂಪಾಗಿ, ಉಳಿದುದು ಕಪ್ಪಾಗಿ ಕಾಣುವುದು ಇದರಿಂದಲೇ. ನಮ್ಮ ಕಣ್ಣಾದರೋ ಬೆಳಕಿನ ನೆನಪನ್ನು ಕೊಂಚ ಕಾಲ ಉಳಿಸಿಕೊಳ್ಳುವುದರಿಂದ ಈ ಮೋಸಕ್ಕೆ ಸಿಕ್ಕುವುದಿಲ್ಲ.

ಪ್ರತಿಯೊಂದು ಸಾಲಿಗೂ ಬೆಳಕೊಡ್ಡುವ ಅವಧಿಯನ್ನು ಹೆಚ್ಚಿಸುವುದೇ ಇದಕ್ಕೆ ಉಪಾಯ. ನಮ್ಮಲ್ಲಿ ಆ ಅವಧಿಯನ್ನು ಸೆಕೆಂಡಿನ ಐವತ್ತರಲ್ಲಿ ಒಂದು ಪಾಲಿಗೆ ಇಟ್ಟರೆ ಇನ್ನೊಂದು ಲಾಭವೂ ಉಂಟು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದ್ದು. ಆದುದರಿಂದ ಠಾಣೆಯೊಳಗಿನ ಹಲವು ದೀಪಗಳು ಸೆಕೆಂಡಿಗೆ 100 ಬಾರಿ ಏರಿ ಇಳಿಯುತ್ತವೆ. ಐವತ್ತರ ಪಾಲಿನಲ್ಲಿ ಸರಿಯಾಗಿ ಎರಡು ಏರಿಳಿತಗಳು ಅಡಗುವುದರಿಂದ ಎಲ್ಲ ಸಾಲುಗಳಿಗೂ ಸಮನಾದ ಬೆಳಕು ಸಿಕ್ಕುತ್ತದೆ. ಅರವತ್ತರ ಪಾಲಿಗೆ ಇಟ್ಟರೆ ಲೆಕ್ಕ ಕೂಡಿಬರುವುದಿಲ್ಲ, ಚಿತ್ರ ಮಿಟುಕುತ್ತದೆ. ಹಗಲಿನ ಬಿಸಿಲಿನಲ್ಲಿ ಇಷ್ಟು ದೀರ್ಘಾವಧಿಗೆ ಚಿತ್ರ ಬಿಳಿಚಿಕೊಳ್ಳುವುದರಿಂದ ಮಸೂರದ ಮುಂದೆ ಮಬ್ಬುಗಾಜೊಂದನ್ನು ಹಿಡಿಯಬೇಕಾಗುತ್ತದೆ.

ಇನ್ನು ಅಗ್ನಿಶಾಮಕರ ಕೋಟಿನ ಮೇಲಿನ ಹೊಳೆಯುವ ಪಟ್ಟಿಗಳ ವಿಷಯ. ಇವುಗಳಲ್ಲಿ ಅತಿ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಇರುತ್ತವೆ. ಕನ್ನಡಿಯು ಓರೆಯಾಗಿ ಬಂದ ಬೆಳಕನ್ನು ಬೇರೆ ಕಡೆಗೆ ಎಸೆದರೆ, ಇವು ಎಲ್ಲಿಂದ ಬೆಳಕು ಬಂತೋ ಅಲ್ಲಿಗೇ ಅದನ್ನು ಹಿಂದಿರುಗಿಸುತ್ತವೆ. ಹೊಗೆಯಲ್ಲಿ ಸಹೋದ್ಯೋಗಿಯ ಟಾರ್ಚಿಗೆ, ರಸ್ತೆಯಲ್ಲಿ ಲಾರಿಯ ಚಾಲಕನಿಗೆ ಆ ಮನುಷ್ಯ ತಟ್ಟನೆ ಕಾಣಲೆಂದೇ ಈ ಏರ್ಪಾಡು. ಫೋನಿನ ದೀಪ ಮಸೂರದ ಪಕ್ಕದಲ್ಲಿಯೇ ಇರುವುದರಿಂದ ಹಿಂದಿರುಗಿದ ಬೆಳಕೆಲ್ಲ ಮಸೂರಕ್ಕೆ ನುಗ್ಗುತ್ತದೆ. ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ಬಗೆದು ತಾನಾಗಿಯೇ ಚಿತ್ರವನ್ನು ಕಪ್ಪಾಗಿಸುತ್ತದೆ. ಕೊನೆಗೆ ಉಳಿಯುವುದು ಉರಿಯುವ ನಾಲ್ಕು ಪಟ್ಟಿಗಳು, ಮುಖವಿಲ್ಲ! ದೀಪವನ್ನು ಗೆಳೆಯನೊಬ್ಬನ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ಬದಿಗೆ ನಿಲ್ಲಿಸಿದರೆ ಮುಖ ಮರಳಿ ಬರುತ್ತದೆ.

ಶಬ್ದದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಸೈರನ್ ಮೊಳಗುತ್ತಿರುವಾಗ ಯಾರನ್ನೂ ಮಾತನಾಡಿಸಬಾರದು. ಫೋನು ಆ ಕೂಗಿಗೆ ಅಂಜಿ ಎಲ್ಲ ಶಬ್ದವನ್ನೂ ತಗ್ಗಿಸಿಬಿಡುತ್ತದೆ. ಮೈಕನ್ನು ಎರಡು ಮೀಟರಿನಿಂದ ಇಪ್ಪತ್ತು ಸೆಂಟಿಮೀಟರಿಗೆ ತಂದರೆ ಮಾತು ಸುಮಾರು 20 ಡೆಸಿಬೆಲ್ ಜೋರಾಗುತ್ತದೆ. ಇದಕ್ಕೆ ಬೆಲೆಬಾಳುವ ಉಪಕರಣವೇನೂ ಬೇಡ.

ನಿಜವಾದ ಬೆಂಕಿಯ ಬಳಿಗೆ ಕ್ಯಾಮೆರಾ ಹಿಡಿದು ಓಡುವುದನ್ನು ನಾವು ಒಪ್ಪುವುದಿಲ್ಲ. ಅಲ್ಲಿ ಮನೆ ಕಳೆದುಕೊಂಡವನು ಚಿತ್ರಕ್ಕೆ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿರುವುದಿಲ್ಲ. ದಳದವರಿಗೆ ನೆರೆದ ಜನರನ್ನು ಸರಿಸುವುದೇ ಇನ್ನೊಂದು ಕೆಲಸವಾಗುತ್ತದೆ. ಪ್ರಿನ್ಸಿಪಾಲರ ಮೂಲಕ ಠಾಣಾಧಿಕಾರಿಗಳಿಗೆ ಮೊದಲೇ ಪತ್ರ ಬರೆದು, ಅಣಕು ಪ್ರದರ್ಶನದಲ್ಲಿಯೂ ಅವರು ತೋರಿಸಿದ ಗೆರೆಯ ಹಿಂದೆಯೇ ನಿಲ್ಲತಕ್ಕದ್ದು.

ಆ ಗೆರೆ ಏಕೆಂಬುದನ್ನು ಲೆಕ್ಕವೇ ಹೇಳುತ್ತದೆ. ನಿಮಿಷಕ್ಕೆ 450 ಲೀಟರು ನೀರು ಸೆಕೆಂಡಿಗೆ 30 ಮೀಟರು ವೇಗದಿಂದ ಹೊರಡುತ್ತಿದೆಯೆನ್ನೋಣ. ಸೆಕೆಂಡಿಗೆ ಏಳೂವರೆ ಕಿಲೋಗ್ರಾಂ ನೀರು. ಅದನ್ನು 30ರಿಂದ ಗುಣಿಸಿದರೆ 225 ನ್ಯೂಟನ್. ಎಂದರೆ ಸುಮಾರು 23 ಕಿಲೋಗ್ರಾಂ ಭಾರ ಎಡೆಬಿಡದೆ ಹಿಂದಕ್ಕೆ ತಳ್ಳಿದ ಹಾಗೆ. ಕೈತಪ್ಪಿದ ಕೊಳವೆ ಹಾವಿನಂತೆ ಹೊರಳಿ, ಅದರ ಲೋಹದ ಮೂತಿ ಎದುರಿಗಿದ್ದವರನ್ನು ಬಡಿಯುತ್ತದೆ. ಸಾಮಾನ್ಯವಾಗಿ ಎಲ್ಲರ ಕ್ಯಾಮೆರಾವೂ ಮೇಲಕ್ಕೆ ಚಿಮ್ಮುವ ನೀರನ್ನೇ ಹಿಂಬಾಲಿಸುತ್ತದೆ. ಗೆರೆಯ ಹಿಂದೆ, ಪಕ್ಕಕ್ಕೆ ನಿಂತು ಕೆಳಗೆ ನೋಡಿ: ಮುಂದಿನವನು ಒಂದು ಕಾಲನ್ನು ಹಿಂದಕ್ಕೆ ಊರಿ ಮುಂದಕ್ಕೆ ಬಾಗಿರುತ್ತಾನೆ, ಅವನ ಬೆನ್ನಿಗೆ ಆತುಕೊಂಡು ಇನ್ನೊಬ್ಬನು ಕೊಳವೆಯನ್ನು ತೋಳಿನಡಿಯಲ್ಲಿ ಅವುಚಿ ಹಿಡಿದಿರುತ್ತಾನೆ. ಆ 225 ನ್ಯೂಟನ್ ಕಣ್ಣಿಗೆ ಕಾಣುವುದು ಅಲ್ಲಿ.