ಚಿನ್ನದ ಮನೆಯ ಕಾವಲು

ಚಿನ್ನವನ್ನು ಹೊರಗಿನ ಕಳ್ಳರಿಂದ ಕಾಯುವುದು ಅಷ್ಟೇನೂ ಕಠಿನವಲ್ಲ. ಗೋಡೆ, ಬೀಗ, ಪಹರೆ ಇವು ಬಹುಮಟ್ಟಿಗೆ ಸಾಕು. ಅದನ್ನು ದಿನವೂ ಮುಟ್ಟಿ ದುಡಿಯುವವರ ಕೈಯಿಂದ ಕಾಯುವುದು ಬೇರೆಯ ವಿದ್ಯೆ. ಈ ವಿದ್ಯೆ ಎಷ್ಟು ಹಳೆಯದೆಂಬುದನ್ನು ಮೈಸೂರಿನವರಾದ ನಾವು ಮರೆಯುವಂತಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ನಮ್ಮ ಓರಿಯೆಂಟಲ್ ಲೈಬ್ರರಿಯ ತಾಳೆಯ ಓಲೆಗಳಿಂದಲೇ ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳ ಮೂಲಕ ಅಚ್ಚಿನ ಬೆಳಕನ್ನು ಕಂಡಿತಷ್ಟೆ. ಅದರಲ್ಲಿ ಹೇಳಿರುವ ಸುವರ್ಣಾಧ್ಯಕ್ಷನ ಅಕ್ಷಶಾಲೆಗೆ ಶಾಲೆಗಳು ನಾಲ್ಕು, ಬಾಗಿಲು ಒಂದೇ, ಒಂದರಿಂದೊಂದಕ್ಕೆ ಸಂಬಂಧವಿಲ್ಲ. ಕೆಲಸಗಾರರು ಒಳಹೋಗುವಾಗಲೂ ಹೊರಬರುವಾಗಲೂ ಅವರ ಬಟ್ಟೆ, ಕೈ, ಗುಹ್ಯಸ್ಥಾನಗಳನ್ನು ಸಹ ಶೋಧಿಸತಕ್ಕದ್ದು. ಉಪಕರಣಗಳೂ ಅರೆಗೆಲಸದ ಒಡವೆಗಳೂ ಅಲ್ಲಿಯೇ ಉಳಿಯತಕ್ಕವು. ತೂಗಿದ ಮೇಲೆ ಮಾಡಿದವನ ಮುದ್ರೆಯನ್ನೂ ಮಾಡಿಸಿದವನ ಮುದ್ರೆಯನ್ನೂ ಒತ್ತಿ ಇಡತಕ್ಕದ್ದು. ಶೋಧನೆಗಿಂತಲೂ ಈ ಜೋಡಿ ಮುದ್ರೆಯೇ ನಮಗೆ ಹೆಚ್ಚು ಬುದ್ಧಿವಂತಿಕೆಯದಾಗಿ ಕಾಣುತ್ತದೆ. ಇಲ್ಲಿ ಸಂದೇಹವು ಮೇಲಧಿಕಾರಿಯನ್ನೂ ಬಿಟ್ಟಿಲ್ಲ.

ಇನ್ನು ೨೦೦೧ರಲ್ಲಿ ಮುಚ್ಚಿದ ಕೋಲಾರದ ಗಣಿಗಳ ಮಾತು. ಅಲ್ಲಿ ಒಂದು ಟನ್ ಕಲ್ಲಿಗೆ ದೊರೆಯುತ್ತಿದ್ದ ಚಿನ್ನ ಗ್ರಾಂಗಳ ಲೆಕ್ಕದ್ದು. ಸಾಧಾರಣ ಕಲ್ಲನ್ನು ಕದ್ದವನಿಗೆ ಹೊರುವ ಶ್ರಮವೇ ಲಾಭ. ಬೆಣಚುಕಲ್ಲಿನಲ್ಲಿ ಚಿನ್ನ ಕಣ್ಣಿಗೇ ಕಾಣುವ ಕಡೆ ಮಾತ್ರ ಮಾತು ಬೇರೆ. ನಿಜವಾದ ಅಪಾಯವಿದ್ದುದು ಮೇಲೆ, ಗಿರಣಿಯಲ್ಲಿ. ಪುಡಿಯಾದ ಅದಿರು ನೀರಿನೊಡನೆ ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಯುವುದು. ಚಿನ್ನವು ಪಾದರಸದೊಡನೆ ಬೆರೆತು ಮೆತ್ತನೆಯ ಮುದ್ದೆಯಾಗುವುದು. ಒಂದು ಹಿಡಿ ಮುದ್ದೆಯಲ್ಲಿ ಟನ್ನುಗಟ್ಟಲೆ ಕಲ್ಲಿನ ಸಾರ! ಬೆಂಕಿಗಿಟ್ಟರೆ ಪಾದರಸ ಆವಿಯಾಗಿ ಚಿನ್ನ ಉಳಿಯುವುದು. (ಮನೆಯ ಒಲೆಯಲ್ಲಿ ಇದನ್ನು ಮಾಡಿದವನ ಮಕ್ಕಳೂ ಆ ವಿಷವನ್ನು ಉಸಿರಾಡುವರೆಂಬುದು ಬೇರೆ.) ಕರಗಿದ ಚಿನ್ನ ತನ್ನ ತವರನ್ನು ಹೇಳುವುದಿಲ್ಲ. ಆದಕಾರಣ ಕದ್ದುದನ್ನು ಕಂಡವರಿರಲಿ ಇಲ್ಲದಿರಲಿ, ಗಣಿಯ ಇಂತಹ ಪದಾರ್ಥವನ್ನು ಅಪ್ಪಣೆಯಿಲ್ಲದೆ ಇಟ್ಟುಕೊಂಡಿರುವುದನ್ನೇ ಸಂಸ್ಥಾನದ ಶಾಸನವು ಅಪರಾಧವೆಂದಿತು.

ಕಾವಲಿಗೆ ಸದ್ದಿಲ್ಲದ ಇನ್ನೊಂದು ಸಾಧನವುಂಟು: ಲೆಕ್ಕ. ಒಳಹೊಕ್ಕ ಅದಿರಿನ ಮಾದರಿಯನ್ನೂ ಹೊರಬಿದ್ದ ತ್ಯಾಜ್ಯದ ಮಾದರಿಯನ್ನೂ ಪರೀಕ್ಷಿಸಿದರೆ ಎಷ್ಟು ಚಿನ್ನ ಕೈಸೇರಬೇಕಾಗಿತ್ತೆಂಬುದು ತಿಳಿಯುವುದು. ಗಟ್ಟಿಯ ತೂಕ ಅದಕ್ಕೆ ತೀರ ಕಡಮೆಯಾದರೆ ಯಾರ ಮೈಯನ್ನೂ ಮುಟ್ಟದೆಯೇ ಸೋರಿಕೆ ಗೊತ್ತಾಗುವುದು. ಕದ್ದವನಾರೆಂಬುದು ಮಾತ್ರ ಗೊತ್ತಾಗದು.

ಆ ಒಬ್ಬನಿಗಾಗಿ ಎಲ್ಲರನ್ನೂ ಹಿಡಿದಿಡುವ ಆಸೆ ಹುಟ್ಟುವುದು ಇಲ್ಲಿಯೇ. ಕಿಂಬರ್ಲಿಯ ವಜ್ರದ ಗಣಿಗಳಲ್ಲಿ ೧೮೮೦ರ ದಶಕದಿಂದ ಆಫ್ರಿಕದ ಕೂಲಿಗಳನ್ನು ಕರಾರು ಮುಗಿಯುವವರೆಗೆ ಮುಚ್ಚಿದ ವಠಾರಗಳಲ್ಲಿಟ್ಟರು. ಬಿಳಿಯ ಕೆಲಸಗಾರರಾದರೋ ತಮ್ಮ ಮೈಶೋಧನೆಯನ್ನು ಪ್ರತಿಭಟಿಸಿ ಮುಷ್ಕರ ಹೂಡಿದರು. ಕೋಲಾರದಲ್ಲಿ ೧೯೩೦ರಲ್ಲಿ ಕೂಲಿಗಾರರ ಬೆರಳಚ್ಚನ್ನು ದಾಖಲೆಮಾಡುವ ಏರ್ಪಾಡಿನ ವಿರುದ್ಧ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ದಿನವೂ ಬಾಗಿಲಲ್ಲಿ ಮೈತೋರಿದವರು ಒಂದು ಮಸಿಯ ಗುರುತಿಗೆ ಇಷ್ಟೇಕೆ ಕೆರಳಿದರೆಂದು ಕೇಳಬಹುದು. ಬಾಗಿಲಿನ ಶೋಧನೆ ಪಾಳಿಯೊಡನೆ ಮುಗಿಯುವುದು. ಬೆರಳಚ್ಚಾದರೋ ೧೮೯೭ರಲ್ಲಿ ಕಲ್ಕತ್ತೆಯಲ್ಲಿ ಅದಕ್ಕೊಂದು ಕಚೇರಿ ತೆರೆದಂದಿನಿಂದ ಪೋಲೀಸರು ಅಪರಾಧಿಗಳನ್ನು ಗುರುತಿಸಲು ಇಟ್ಟ ದಾಖಲೆಯ ವಸ್ತು. ಅವರು ಇನ್ನೂ ಏನನ್ನೂ ಕದ್ದಿರಲಿಲ್ಲ.