ಸರ್ಕಾರ ಕ್ಷಮೆ ಕೇಳುವುದು ಹೇಗೆ? ವಿಮುಕ್ತ ಸಮುದಾಯಗಳವರು ತಿಳಿದಿರಬೇಕಾದ್ದು

ಪ್ರತಿ ವರ್ಷ ಆಗಸ್ಟ್ 31ರಂದು ಹರಣಶಿಕಾರಿ, ಕೊರಮ, ಘಂಟಿಚೋರ ಮುಂತಾದ ಸಮುದಾಯಗಳವರು ವಿಮುಕ್ತಿ ದಿನ ಆಚರಿಸುತ್ತಾರೆ. 1952ರಲ್ಲಿ ಅದೇ ದಿನ ‘ಕ್ರಿಮಿನಲ್ ಟ್ರೈಬ್ಸ್ ಆಕ್ಟ್’, ಅಂದರೆ ಅಪರಾಧಿ ಬುಡಕಟ್ಟುಗಳ ಕಾಯ್ದೆ, ರದ್ದಾಯಿತು. ಅದರಿಂದ ಬಿಡುಗಡೆಯಾದವರೇ ವಿಮುಕ್ತರು.

ಏನಿದು ಕಾಯ್ದೆ? ಬ್ರಿಟಿಷರು ಇದನ್ನು 1871ರಲ್ಲಿ ತಂದರು. 1911ರ ತಿದ್ದುಪಡಿಯ ನಂತರ ಮುಂಬೈ ಪ್ರಾಂತಕ್ಕೂ, ಅದರಲ್ಲಿದ್ದ ನಮ್ಮ ಭಾಗಕ್ಕೂ ಬಂತು. ಕಳ್ಳತನ ಮಾಡಿದ್ದಾನೋ ಇಲ್ಲವೋ ಎಂದು ಯಾರೂ ಕೇಳುವಂತಿರಲಿಲ್ಲ. ಹುಟ್ಟಿದ ಜಾತಿಯೇ ಸಾಕ್ಷಿ. ಹುಬ್ಬಳ್ಳಿ, ಗದಗ, ಗೋಕಾಕ ಫಾಲ್ಸ್‌ಗಳಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಕಾವಲು ವಸತಿಗಳಿದ್ದವು. ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಹೊರಗೆ ಹೋಗಲು ಪಾಸ್ ಬೇಕು. ಗಂಡಸರು, ಹೆಂಗಸರು ಗಿರಣಿಗೆ ದುಡಿಯಲು ಹೋಗುತ್ತಿದ್ದರು.

“ಬ್ರಿಟಿಷರ ತಪ್ಪಿಗೆ ನಮ್ಮ ಸರ್ಕಾರ ಯಾಕೆ ಕ್ಷಮೆ ಕೇಳಬೇಕು?” ಎಂದು ನೀವು ಕೇಳಬಹುದು. ಸ್ವಾತಂತ್ರ್ಯ ಬಂದು ಐದು ವರ್ಷವಾದರೂ ಈ ಕಾಯ್ದೆ ದೇಶದ ಕಾನೂನಾಗಿಯೇ ಉಳಿದಿತ್ತು. ಅದು ಹೋದ ಮೇಲೂ ರಾಜ್ಯಗಳು ‘ರೂಢಿಗತ ಅಪರಾಧಿ’ ಕಾಯ್ದೆಗಳನ್ನು ತಂದವು. ಕರ್ನಾಟಕದ ಕಾಯ್ದೆ 1961ರದ್ದು.

ಸರ್ಕಾರದ ಕ್ಷಮೆಗೆ ಸಾಮಾನ್ಯವಾಗಿ ಮೂರು ಹಂತ. ಮೊದಲು ಆಯೋಗದ ವಿಚಾರಣೆ. ನಂತರ ಸದನದಲ್ಲಿ ಅಥವಾ ಕಾನೂನಿನಲ್ಲಿ ತಪ್ಪೊಪ್ಪಿಗೆ. ಕೊನೆಗೆ ಪರಿಹಾರ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನು ಕೂಡಿಹಾಕಿದ್ದ ಅಮೆರಿಕ 1988ರಲ್ಲಿ ಕಾನೂನು ಮಾಡಿ ಕ್ಷಮೆ ಕೇಳಿತು. ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. ನಮ್ಮಲ್ಲೂ ಉದಾಹರಣೆಯಿದೆ. 1984ರ ಸಿಖ್ ಹತ್ಯೆಗಳಿಗಾಗಿ ಪ್ರಧಾನಿ ಮನಮೋಹನ್ ಸಿಂಗ್ 2005ರಲ್ಲಿ ಸಂಸತ್ತಿನಲ್ಲೇ ಕ್ಷಮೆ ಕೇಳಿದರು.

ವಿಮುಕ್ತರ ವಿಷಯದಲ್ಲಿ ವಿಚಾರಣೆಗೇನೂ ಕೊರತೆಯಿಲ್ಲ. ಈ ಕಾಯ್ದೆಯ ಪರಿಶೀಲನೆಗೆ 1949ರಲ್ಲಿ ಅಯ್ಯಂಗಾರ್ ಸಮಿತಿ ನೇಮಕವಾಯಿತು. ರೇಣಕೆ ಆಯೋಗ 2008ರಲ್ಲಿ, ಇದಾತೆ ಆಯೋಗ 2018ರಲ್ಲಿ ವರದಿ ಕೊಟ್ಟವು. ಪರಿಹಾರದ ರೂಪದಲ್ಲಿ ಒಂದಿಷ್ಟು ಯೋಜನೆಗಳು ಬಂದಿವೆ. ನಡುವಿನ ಹಂತ, ಅಂದರೆ ತಪ್ಪೊಪ್ಪಿಗೆ, ಇನ್ನೂ ಬಂದಿಲ್ಲ.

ಖರ್ಚೆಷ್ಟು? ಕ್ಷಮೆಗೆ ಖರ್ಚಿಲ್ಲ, ಪರಿಹಾರಕ್ಕಿದೆ. ಕೇಂದ್ರವು ವಿಮುಕ್ತ, ಅಲೆಮಾರಿ ಸಮುದಾಯಗಳಿಗೆ ತಂದ ‘ಸೀಡ್’ ಯೋಜನೆಗೆ 2021-22ರಿಂದ ಐದು ವರ್ಷಕ್ಕೆ ಇಟ್ಟದ್ದು 200 ಕೋಟಿ ರೂಪಾಯಿ. ಉಚಿತ ಕೋಚಿಂಗ್, ಆರೋಗ್ಯ ವಿಮೆ, ಜೀವನೋಪಾಯ, ಮನೆ ಇದರ ನಾಲ್ಕು ಭಾಗಗಳು. ಕುಟುಂಬದ ವರಮಾನ ವರ್ಷಕ್ಕೆ 2.5 ಲಕ್ಷ ರೂಪಾಯಿ ಮೀರಬಾರದೆಂಬ ಷರತ್ತಿತ್ತು.

ಎಲ್ಲಿಗೆ ಹೋಗಬೇಕು? ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಯೋಜನೆಗಳಿಗೆ ರಾಜ್ಯದ ಅಲೆಮಾರಿ, ಅರೆ ಅಲೆಮಾರಿ ಸಮುದಾಯಗಳ ಅಭಿವೃದ್ಧಿ ನಿಗಮವಿದೆ. ಈಗ ಯಾವ ಯೋಜನೆಗೆ ಅರ್ಜಿ ಕರೆದಿದ್ದಾರೆ ಎಂದು ಮೊದಲು ವಿಚಾರಿಸಿ. ಜಾತಿ ನೋಡಿ ಪೊಲೀಸರು ಠಾಣೆಗೆ ಕರೆದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಮಹಿಳೆಯರಿಗೆ ವಕೀಲರ ನೆರವು ಉಚಿತ.

ಕ್ಷಮೆ ಬೇಕೆಂದರೆ ನಿಮ್ಮ ಶಾಸಕರನ್ನು ಕಾಣಿ. ಸದನದಲ್ಲಿ ನಿರ್ಣಯ ಮಂಡಿಸುವಂತೆ ಬರವಣಿಗೆಯಲ್ಲಿ ಕೇಳಿ. “ನಮಗೆ ಅನ್ಯಾಯವಾಗಿದೆ” ಎಂದಷ್ಟೇ ಬರೆದರೆ ಸಾಲದು. ಕಾಯ್ದೆಯ ಹೆಸರು, ಇಸವಿ, ನಿಮ್ಮ ಹಿರಿಯರಿದ್ದ ಸೆಟ್ಲ್‌ಮೆಂಟಿನ ಊರು ಬರೆಯಿರಿ. ಸ್ವೀಕೃತಿ ಪಡೆಯದೆ ಅರ್ಜಿ ಕೊಟ್ಟು ಬರಬೇಡಿ.