ಅಯ್ಯಾಚಾರದ ಮರುದಿನ

ಹಣೆ, ತೋಳು, ಎದೆಗೆ ವಿಭೂತಿ ಧರಿಸಿದ ಎಂಟು-ಹತ್ತು ವರ್ಷದ ಹುಡುಗ. ಮುಂದೆ ಐದು ಕಲಶ: ರಂಭಾಪುರಿ, ಉಜ್ಜಯಿನಿ, ಕೇದಾರ, ಶ್ರೀಶೈಲ, ಕಾಶಿ ಪೀಠಗಳ ಹೆಸರಿನಲ್ಲಿ. ಗುರುಗಳು ಅಂಗೈಗೆ ಇಷ್ಟಲಿಂಗ ಕೊಟ್ಟು ಕಿವಿಯಲ್ಲಿ ಪಂಚಾಕ್ಷರಿ ಹೇಳುತ್ತಾರೆ. ಆಮೇಲೆ ಜೋಳಿಗೆ, ಬೆತ್ತ ಹಿಡಿದು ಭಿಕ್ಷೆಗೆ ನಿಲ್ಲಬೇಕು. ತಾಯಿ, ಸೋದರತ್ತೆ, ನೆರೆಯವರು ಒಬ್ಬೊಬ್ಬರೇ ಬಂದು ಜೋಳಿಗೆ ತುಂಬುತ್ತಾರೆ. ಇದು ಅಯ್ಯಾಚಾರ, ವೀರಶೈವ ಜಂಗಮರ ದೀಕ್ಷಾಸಂಸ್ಕಾರ.

ರಾಯಚೂರು, ಯಾದಗಿರಿಯಂತೆ ಗಡಿಯಾಚೆ ತೆಲಂಗಾಣದ ಮಕ್ತಲ್, ನಾರಾಯಣಪೇಟೆಯ ಜಂಗಮ ಮನೆತನಗಳಲ್ಲೂ ಈ ಸಂಸ್ಕಾರವಿದೆ. ಗದ್ವಾಲ ಅಂತೂ 1956ರವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕೇ ಆಗಿತ್ತು. ರಾಜ್ಯದ ಗೆರೆ ಬಿದ್ದರೂ ಮಠದ ನಂಟು, ಹೆಣ್ಣು-ಗಂಡಿನ ಸಂಬಂಧ ಕಡಿದಿಲ್ಲ. ಲಿಂಗಧಾರಣೆಯಾದರೆ ಜಂಗಮರಿಗಷ್ಟೇ ಮೀಸಲಲ್ಲ; ಹೆಣ್ಣುಮಕ್ಕಳಿಗೂ ಉಂಟು.

ಈಗ ಜಾತ್ರೆಯಲ್ಲಿ ಸಾಮೂಹಿಕ ಅಯ್ಯಾಚಾರ ನಡೆಸುವುದು ರೂಢಿ. ಬಡವರಿಗೆ ಖರ್ಚು ಉಳಿಯುತ್ತದೆ, ಒಳ್ಳೆಯದೇ. ಆದರೆ ಬೆಳಿಗ್ಗೆ ದೀಕ್ಷೆ, ಮಧ್ಯಾಹ್ನ ದಾಸೋಹ, ಸಂಜೆಗೆ ಊರು. ಲಿಂಗಪೂಜೆ ಹೇಗೆ, ಏಕೆ ಎಂದು ಹುಡುಗನಿಗೆ ಕಲಿಸುವವರು ಯಾರು?

ಈ ಪ್ರಶ್ನೆಗೆ ಆಫ್ರಿಕಾದಲ್ಲೊಂದು ಉತ್ತರ ಸಿಗುತ್ತದೆ. ಇಂದಿನ ಟಾಂಜಾನಿಯಾದ ಮಸಾಸಿಯಲ್ಲಿ ಯಾವೊ, ಮಕುವಾ ಜನ ಹುಡುಗರನ್ನು ಊರಾಚೆಯ ಬಿಡಾರಕ್ಕೆ ಕರೆದೊಯ್ದು, ಸುನ್ನತಿ ಮಾಡಿಸಿ, ಗಾಯ ಮಾಯುವವರೆಗೆ ಬಾಳಿನ ಪಾಠ ಹೇಳುತ್ತಿದ್ದರು. ಅದರ ಹೆಸರು ಜಾಂಡೊ. ಬೇರೆ ಕಡೆ ಹಲವು ಮಿಷನರಿಗಳು ಇಂಥವನ್ನು ನಿಷೇಧಿಸಿದರು. ಆಂಗ್ಲಿಕನ್ ಮಿಷನ್‌ನ ವಿನ್ಸೆಂಟ್ ಲ್ಯೂಕಸ್, ಮುಂದೆ ಬಿಷಪ್ ಆದವರು, 1910ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಬಿಡಾರ, ಸುನ್ನತಿ, ಪಾಠ ಉಳಿದವು. ಪೂರ್ವಜರಿಗೆ ಸಲ್ಲುತ್ತಿದ್ದ ಪ್ರಾರ್ಥನೆಯ ಜಾಗಕ್ಕೆ ಕ್ರೈಸ್ತ ಪ್ರಾರ್ಥನೆ, ಧರ್ಮಬೋಧೆ ಬಂದವು. ಹಳೆಯ ದೈವವನ್ನು ಹೀಗೆ ಬದಿಗೆ ಸರಿಸಿದ್ದು ನನಗೆ ಒಪ್ಪಿಗೆಯಲ್ಲ. ಆದರೆ ಹಿರಿಯರು ಮಕ್ಕಳ ಜೊತೆ ಕೂತು ಕಲಿಸುವ ದಿನಗಳನ್ನು ಲ್ಯೂಕಸ್ ತೆಗೆದುಹಾಕಲಿಲ್ಲ.

ಅಂಥ ದಿನಗಳು ನಮ್ಮಲ್ಲೂ ಬೇಕು. ನಮ್ಮ ಗಡಿಯ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ಓದುವುದು ತೆಲುಗು, ಇಲ್ಲವೇ ಇಂಗ್ಲಿಷ್. ದೀಕ್ಷೆಯಾದ ಮೇಲೆ ಬೇಸಿಗೆ ರಜೆಯಲ್ಲಿ ಒಂದು ವಾರ ಮಠದಲ್ಲೇ ಉಳಿಸಿಕೊಂಡು ಪೂಜಾಕ್ರಮ, ನಾಲ್ಕಾರು ವಚನ, ಅವನ್ನು ಓದಿಕೊಳ್ಳುವಷ್ಟು ಕನ್ನಡ ಅಕ್ಷರ ಕಲಿಸಬಹುದು. ದಾಸೋಹದ ಒಲೆ ಹೇಗೂ ಉರಿಯುತ್ತಿರುತ್ತದೆ; ಬೇಕಾದವರು ಜೊತೆಗೆ ಕೂರುವ ಒಬ್ಬಿಬ್ಬರು ಹಿರಿಯರು.